ಆಂಬುಲೆನ್ಸಿನ ನೆತ್ತಿಗೆ ಕಡ್ಡಿ ನೆಡುವ ಮಾಮ

ಬೆಳಗಿನ ಐದೂಮುಕ್ಕಾಲು. ಆಂಬುಲೆನ್ಸ್ ಡಿಪೋದ ಶೆಡ್ಡಿನಲ್ಲಿ ಇನ್ನೂ ಟ್ಯೂಬ್‌ಲೈಟ್ ಉರಿಯುತ್ತಿದೆ. ಹೊಸ ಬಿಳಿ ಗಾಡಿಯೊಂದಕ್ಕೆ ಏಣಿ ಒರಗಿಸಿ, ಚಾವಣಿಯ ಮೇಲೆ ಹಳೇ ಕಂಬಳಿ ಹಾಸಿಕೊಂಡು, ಹಿರಿಯರೊಬ್ಬರು ಬೋರಲು ಮಲಗಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ, ತುಟಿಗಳ ನಡುವೆ ಎರಡು ಸ್ಕ್ರೂ. ಕೆಳಗೆ ನಿಂತವರಿಗೆ ಕಾಣುವುದು ಸವೆದ ಬೂಟಿನ ಅಡಿಗಳು ಮಾತ್ರ.

"ಹುಷಾರು ಮಾಮ, ಬಿದ್ದುಗಿದ್ದೀರಾ! ಆಮೇಲೆ ಇದೇ ಗಾಡೀಲಿ ನಿಮ್ಮನ್ನ ಸಾಗಿಸಬೇಕಾಗುತ್ತೆ" ಎನ್ನುತ್ತಾರೆ ಕೆಳಗಿನಿಂದ ದೊಡ್ಡ ಡ್ರೈವರ್. ಡಿಪೋದಲ್ಲಿ ಎಲ್ಲರಿಗಿಂತ ಹಳೆಯ ಚಾಲಕ ಅವರು.

"ಸಾಗಿಸೋಕೆ ಮುಂಚೆ ರೇಡಿಯೋ ಕೆಲಸ ಮಾಡುತ್ತಾ ನೋಡ್ಕೊಳಪ್ಪಾ" ಎಂದು ಚಾವಣಿಯಿಂದ ಉತ್ತರ ಬರುತ್ತದೆ.

ಆಂಬುಲೆನ್ಸಿನ ನೆತ್ತಿಯ ಮೇಲೆ ತೆಳ್ಳಗೆ ನಿಂತಿರುತ್ತದಲ್ಲ ಒಂದು ಕಡ್ಡಿ, ಅದನ್ನು ಯಾರು ನೆಟ್ಟರು ಎಂದು ನಾವು ನೀವು ಯಾವತ್ತಾದರೂ ಕೇಳಿದ್ದೇವಾ? ಸೈರನ್ ಕೇಳಿದರೆ ದಾರಿ ಬಿಡುತ್ತೇವೆ, ಕೆಂಪು ದೀಪ ನೋಡುತ್ತೇವೆ, ಅಷ್ಟೇ. ಚಾಲಕ ಕಂಟ್ರೋಲ್ ರೂಮಿನ ಜೊತೆ ಮಾತಾಡುವುದು ಆ ಕಡ್ಡಿಯ ಮೂಲಕ. ಈ ಡಿಪೋದ ನಲವತ್ತೆರಡು ಗಾಡಿಗಳ ಕಡ್ಡಿಯನ್ನೂ ನೆಟ್ಟವರು ಈಗ ಕಂಬಳಿಯ ಮೇಲೆ ಮಲಗಿರುವ ಇವರೇ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಕಡ್ಡಿ ಮಾಮ.

ಇಂದು ಅವರ ಮುಂದಿರುವುದು ಹೊಸದಾಗಿ ಬಂದ ಐದರಲ್ಲಿ ಕೊನೆಯ ಗಾಡಿ. ಮಧ್ಯಾಹ್ನ ಹನ್ನೆರಡಕ್ಕೆ ಇದು ಕೆಲಸಕ್ಕೆ ಹೊರಡಬೇಕು. 'ರೇಡಿಯೋ ಸರಿ ಇದೆ' ಎಂಬ ಚೀಟಿಗೆ ಮಾಮ ಸೈನ್ ಹಾಕದೆ ಯಾವ ಗಾಡಿಯೂ ಗೇಟು ದಾಟುವಂತಿಲ್ಲ.

"ಕಡ್ಡಿ ನಿಲ್ಲಿಸೋದು ದೊಡ್ಡ ವಿಷಯ ಅಲ್ಲ, ಯಾರು ಬೇಕಾದ್ರೂ ನಿಲ್ಲಿಸ್ತಾರೆ" ಎನ್ನುತ್ತಾರೆ ಏಣಿ ಇಳಿದು, ಕೈ ಒರೆಸಿಕೊಳ್ಳುತ್ತಾ. "ಅದಕ್ಕೆ ಬಾಡಿ ಅರ್ತ್ ಸರಿಯಾಗಿ ಸಿಗಬೇಕು. ಮರಕ್ಕೆ ಬೇರು ಇದ್ದ ಹಾಗೆ ಅದು. ಗಾಡಿಯ ತಗಡೇ ಅದರ ನೆಲ. ನೆಲ ಸಿಗದಿದ್ರೆ ಕಡ್ಡಿ ಸುಮ್ನೆ ಶೋಕಿಗೆ ನಿಂತಿರುತ್ತೆ, ಅಷ್ಟೇ."

ಅದಕ್ಕೇ ಅವರ ಮೊದಲ ಕೆಲಸ ಬಣ್ಣ ಕೆರೆಯುವುದು. ಕಡ್ಡಿಯ ಬುಡ ಕೂರುವ ಜಾಗದಲ್ಲಿ ಹೊಳೆಯುವ ಲೋಹ ಕಾಣುವವರೆಗೂ ಉಜ್ಜುತ್ತಾರೆ. ಹಲ್ಲಿರುವ ವಾಷರ್ ಆ ಲೋಹವನ್ನು ಕಚ್ಚಿ ಹಿಡಿಯಬೇಕು. ಮೇಲೆ ಗ್ರೀಸು, ನೀರು ಇಳಿಯದಂತೆ ರಬ್ಬರು. ಆಮೇಲೆ ಒಂದು ಮೀಟರಿನ ತುದಿಗಳನ್ನು ಕಡ್ಡಿಯ ಬುಡಕ್ಕೂ ಬ್ಯಾಟರಿಯ ಮೈನಸ್ಸಿಗೂ ಇಟ್ಟು, ನಡುವೆ ತಡೆ ಇದೆಯೇ ಎಂದು ಅಳೆಯುತ್ತಾರೆ. ಅರ್ಧ ಓಮಿಗಿಂತ ಜಾಸ್ತಿ ತೋರಿಸಿತೋ, ಬಿಚ್ಚಿ ಮತ್ತೆ ಮೊದಲಿಂದ. ಕಡೆಗೆ ಇನ್ನೊಂದು ಮೀಟರ್. ರೇಡಿಯೋ ಕಳಿಸಿದ ಶಕ್ತಿಯಲ್ಲಿ ಹೊರಗೆ ಹೋಗಿದ್ದೆಷ್ಟು, ಹೋಗಲಾರದೆ ವಾಪಸು ಬಂದಿದ್ದೆಷ್ಟು ಎಂದು ಅದರ ಮುಳ್ಳು ಹೇಳುತ್ತದೆ. ಒಂದು ಗಾಡಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಮೂವತ್ತೊಂದು ವರ್ಷದಲ್ಲಿ ಬೇರೆ ಬೇರೆ ಕಡೆ ಸೇರಿ ಸಾವಿರದ ಒಂಬೈನೂರು ಗಾಡಿ ದಾಟಿದೆ.

ಹೊಸ ಗಾಡಿ ಕೆರೆದರೆ ಚಾಲಕರ ಹೊಟ್ಟೆ ಉರಿಯುತ್ತದೆ. "ಅಯ್ಯಯ್ಯೋ, ನಿನ್ನೆ ಬಂದ ಗಾಡಿ ಕಣ್ರೀ! ಕಡ್ಡೀನ ಗುಡ್ಡ ಮಾಡೋದೇ ಇವರ ಕೆಲಸ" ಎಂದು ಗೊಣಗುತ್ತಾರೆ. ಮಾಮ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಷ್ಟರ ಮೇಲೂ ಅವರಿಗೆ ಸಮಾಧಾನವಿಲ್ಲ. ಪ್ರತಿ ಗಾಡಿಯನ್ನೂ ಹನ್ನೊಂದು ಕಿಲೋಮೀಟರ್ ಆಚೆಯ ಕಲ್ಲುಕ್ವಾರಿಗೆ ಒಯ್ದು, ಗುಂಡಿಯ ತಳಕ್ಕೆ ಇಳಿಸಿ, ಅಲ್ಲಿಂದ ಮಾತಾಡಿಸುತ್ತಾರೆ. ಅಲ್ಲಿ ಮೊಬೈಲ್ ಸಿಗುವುದಿಲ್ಲ. "ಡಿಪೋ ಅಂಗಳದಲ್ಲಿ ಮುರಿದ ಕಡ್ಡಿನೂ ಮಾತಾಡುತ್ತೆ. ಕಂಟ್ರೋಲ್ ರೂಮು ಗೋಡೆ ಆಚೆಗೇ ಇದೆಯಲ್ಲ, ಕೂಗಿದ್ರೂ ಕೇಳುತ್ತೆ. ಅಂಗಳದ ಮಾತು ನಂಬಬಾರದು" ಎನ್ನುತ್ತಾರೆ.

ಈ ಪಾಠವನ್ನು ಅವರು ಕಲಿತ ಬಗೆಯನ್ನು ಬರೆಯಲು ಕೈ ತಡೆಯುತ್ತದೆ. ಆದರೂ ಬರೆಯಬೇಕು.

ಹದಿನಾಲ್ಕು ವರ್ಷಗಳ ಹಿಂದೆ ಅದೇ ಕ್ವಾರಿಯಲ್ಲಿ ಬಂಡೆ ಕುಸಿಯಿತು. ಇಬ್ಬರು ಸಿಕ್ಕಿಕೊಂಡರು. ಹೋದ ಗಾಡಿಯಲ್ಲಿ ಒಬ್ಬನಿಗಷ್ಟೇ ಜಾಗ. ದೊಡ್ಡ ಡ್ರೈವರ್ ಗುಂಡಿಯ ತಳದಿಂದ ಇನ್ನೊಂದು ಗಾಡಿ ಕಳಿಸಿ ಎಂದು ಮೂರು ಸಲ ಕೇಳಿದರು. ಕಂಟ್ರೋಲ್ ರೂಮಿಗೆ ಕೇಳಿಸಿದ್ದು ಬರೀ ಖರ್ರ್ ಖರ್ರ್. ಕೊನೆಗೆ ಅವರೇ ಗಾಡಿಯನ್ನು ಮೇಲೆ ಹತ್ತಿಸಿ ಕೂಗಬೇಕಾಯಿತು. ಇಪ್ಪತ್ತೈದು ನಿಮಿಷ ಹೋಯಿತು. ಎರಡನೇ ಗಾಡಿ ಬರುವಷ್ಟರಲ್ಲಿ ಇಪ್ಪತ್ತಾರು ವರ್ಷದ ಕಲ್ಲುಕುಟಿಗನ ಉಸಿರು ನಿಂತಿತ್ತು. ವಿಚಾರಣೆ ನಡೆಯಿತು. ಮೈಕಿನ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮಾತು ಹೊರಗೆ ಹೋಗುತ್ತದೆ. 'ಮಾತು ಮುಗಿಯುವ ಮೊದಲೇ ಚಾಲಕ ಮೈಕಿನ ಬಟನ್ ಬಿಟ್ಟಿದ್ದಾನೆ' ಎಂದು ವರದಿ ಬಂತು. ದೊಡ್ಡ ಡ್ರೈವರಿಗೆ ಎಚ್ಚರಿಕೆಯ ಕಾಗದ ಕೊಟ್ಟರು, ಬಡ್ತಿಯೂ ತಪ್ಪಿತು. ಅವತ್ತಿನಿಂದ ಅವರು ಮಾತು ಮುಗಿಸಿ, ಒಂದು, ಎರಡು, ಮೂರು ಎಂದು ಎಣಿಸಿಯೇ ಬಟನ್ ಬಿಡುತ್ತಾರೆ. ಡಿಪೋದ ಹುಡುಗರು ಅದನ್ನೇ ಅಣಕಿಸಿ ನಗುತ್ತಾರೆ. ಅವರೂ ಜೊತೆಗೆ ನಗುತ್ತಾರೆ.

ಘಟನೆಯಾದ ಎರಡನೇ ದಿನ ಮಾಮ ಒಬ್ಬರೇ ಆ ಗಾಡಿಯ ಕಡ್ಡಿ ಬಿಚ್ಚಿದ್ದರು. ಕಡ್ಡಿಯ ಬುಡ ಹಿಡಿದಿಡುವ ಕ್ಲ್ಯಾಂಪಿನ ಕೆಳಗೆ ಬಿಳಿ ಬಣ್ಣ ಕಂಪನಿಯಿಂದ ಬಂದ ಹಾಗೇ ಇತ್ತು, ಒಂದು ಗೀರೂ ಇಲ್ಲ. ಅದಕ್ಕೆ ಕಡ್ಡಿ ನೆಡುವಾಗ ಆಗಿನ ಅಧಿಕಾರಿ "ಹೊಸ ಗಾಡಿ, ಕೆರೀಬೇಡ" ಅಂದಿದ್ದರು. ಮೀಟರ್ ರಿಪೇರಿಗೆ ಹೋಗಿತ್ತು. ಮಾಮ ಅಂಗಳದಲ್ಲಿ ಮಾತಾಡಿಸಿ ನೋಡಿದ್ದರು, ಚೆನ್ನಾಗಿ ಕೇಳಿಸಿತ್ತು, ಸೈನ್ ಹಾಕಿದ್ದರು. ಘಟನೆಯ ಆ ಎರಡನೇ ದಿನ ಬಣ್ಣ ಕೆರೆದು, ಕಡ್ಡಿಯನ್ನು ಮತ್ತೆ ಬಿಗಿದು, ಬಾಯಿ ಮುಚ್ಚಿಕೊಂಡು ಮನೆಗೆ ಹೋದರು. ಮಗಳು ಇನ್ನೂ ಓದುತ್ತಿದ್ದಳು, ಕೆಲಸ ಹೋದರೆ ಗತಿಯೇನು ಎಂಬ ಭಯ.

ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಶಾಲಾ ಸಮವಸ್ತ್ರಗಳ ಅಂಚು ಹೊಲಿಯುತ್ತಾ ಆಕೆ ಪತ್ರಿಕೆಯವರಾದ ನಮಗೆ ಹೇಳುತ್ತಾರೆ: "ಎಷ್ಟು ಸಲ ಬಡ್ಕೊಂಡಿದ್ದೀನಿ. ಆ ಡ್ರೈವರ್ ಹತ್ರ ಒಂದು ಮಾತು ಹೇಳಿಬಿಡ್ರೀ, ಹೊಟ್ಟೇಲಿ ಇಟ್ಕೊಂಡ್ರೆ ಅದು ನಿಮ್ಮನ್ನೇ ತಿಂದುಹಾಕುತ್ತೆ ಅಂತ. ನಾಳೆ, ನಾಡಿದ್ದು ಅಂತ ಅಂದ್ಕೊಂಡೇ ಕೂದಲು ಬೆಳ್ಳಗಾಯ್ತು."

ಬಿಸಿಲಿಗೆ ಕಾದ ಚಾವಣಿಗಳು ಮಾಮನ ಮೊಣಕೈಗಳನ್ನು ಸುಟ್ಟಿವೆ. ಒಮ್ಮೆ ಜಾರಿ ಬಿದ್ದು ಮಣಿಕಟ್ಟು ಮುರಿದಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಅರವತ್ತು ತುಂಬಲು ಇನ್ನು ಮೂರೇ ತಿಂಗಳು. ಇವಾವುದನ್ನೂ ಅವರು ಕಷ್ಟ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹತ್ತು ಗಂಟೆಗೆ ಕೊನೆಯ ಮೀಟರಿನ ಪರೀಕ್ಷೆಯಲ್ಲಿ ಐದನೇ ಗಾಡಿ ಕೈ ಕೊಡುತ್ತದೆ. ಶಕ್ತಿಯ ಮೂರರಲ್ಲಿ ಒಂದು ಪಾಲು ವಾಪಸು ಬರುತ್ತಿದೆ ಎಂದು ಮುಳ್ಳು ತೋರಿಸುತ್ತಿದೆ. ಹಳೇ ಗಾಡಿಗಳ ಹಾಗಲ್ಲ, ಹೊಸ ಐದೂ ಗಾಡಿಗಳ ಚಾವಣಿ ಫೈಬರಿನದು. ಕಡ್ಡಿಗೆ ನೆಲವಾಗಲೆಂದು ಒಳಗೆ ಒಂದು ಲೋಹದ ತಗಡು ಹಾಸಿ, ತಾಮ್ರದ ಜಡೆಯಿಂದ ಅದನ್ನು ಗಾಡಿಯ ಮೈಗೆ ಕಟ್ಟಿರುತ್ತಾರೆ. ಬಾಡಿ ಕಟ್ಟಿದವರು ಈ ಗಾಡಿಯಲ್ಲಿ ಜಡೆಯನ್ನು ಬಣ್ಣದ ಮೇಲೇ ಬಿಗಿದಿರಬೇಕು ಎಂಬುದು ಮಾಮನ ಅಂದಾಜು. ನೋಡಬೇಕೆಂದರೆ ಒಳಚಾವಣಿ ಪೂರ್ತಿ ಇಳಿಸಬೇಕು. ಅರ್ಧ ದಿನದ ಕೆಲಸ.

ಡಿಪೋದ ಮೇಲ್ವಿಚಾರಕರು ಚೀಟಿ, ಪೆನ್ನು ಹಿಡಿದೇ ಬರುತ್ತಾರೆ. ಮಾಮನಿಗಿಂತ ತುಂಬಾ ಚಿಕ್ಕವರು, ಕೆಟ್ಟವರೇನಲ್ಲ. "ಚೆನ್ನಾಗೇ ಕೇಳಿಸ್ತಿದೆಯಲ್ಲ ಮಾಮ. ಸೈನ್ ಹಾಕಿ, ಭಾನುವಾರ ಬಿಚ್ಚಿ ನೋಡೋಣ. ಹಳೇ ಗಾಡಿ ಆಗಲೇ ಗುಜರಿಗೆ ಹೋಗಿದೆ. ಇದೂ ಹೊರಡದಿದ್ರೆ ಇದು ಹೋಗಬೇಕಾದ ಭಾಗದ ಜನಕ್ಕೆ ಗಾಡಿನೇ ಇರಲ್ಲ."

"ಅರ್ಧ ದಿನಕ್ಕೆ ಪಕ್ಕದ ಡಿಪೋದಿಂದ ತರಿಸಿ ಸಾರ್. ನಾನು ಸೈನ್ ಹಾಕಲ್ಲ." ಮಾಮ ಕಡ್ಡಿ ಮುರಿದ ಹಾಗೆ ಹೇಳುತ್ತಾರೆ.

"ಮೇಲಿನವರು ಕಾರಣ ಕೇಳ್ತಾರೆ. ಮುಳ್ಳು ಅಲ್ಲಾಡ್ತು ಅಂದ್ರೆ ಒಪ್ತಾರಾ? ಅರ್ತ್ ಸರಿಯಿಲ್ಲದೆ ಯಾರಿಗಾದ್ರೂ ತೊಂದರೆ ಆಗಿದ್ದು ದಾಖಲೆಯಲ್ಲಿ ಇದ್ಯಾ? ಒಂದೇ ಒಂದು ತೋರಿಸಿ, ನಾನೇ ಗಾಡಿ ನಿಲ್ಲಿಸ್ತೀನಿ."

ದಾಖಲೆಯಲ್ಲಿ ಇಲ್ಲ. ದಾಖಲೆಯಲ್ಲಿರುವುದು ಚಾಲಕನ ತಪ್ಪು. ಆ ಚಾಲಕ ಅಲ್ಲೇ, ತೆರೆದ ಬಾಗಿಲಿನ ಪಕ್ಕದ ಸೀಟಿನಲ್ಲಿ ಮೈಕು ಹಿಡಿದು ಕೂತಿದ್ದಾರೆ. ಮಾಮ ಒಮ್ಮೆ ಅವರ ಕಡೆ ನೋಡುತ್ತಾರೆ. ಮತ್ತೆ ಮೇಲ್ವಿಚಾರಕರತ್ತ ತಿರುಗುತ್ತಾರೆ.

"ಇದೆ ಸಾರ್. ಕ್ವಾರಿಯಲ್ಲಿ ಸತ್ತನಲ್ಲ ಆ ಹುಡುಗ, ಅದು ಅರ್ತಿನಿಂದಲೇ. ಇವನು ಬಟನ್ ಬಿಟ್ಟಿರಲಿಲ್ಲ. ನಾನು ಬಣ್ಣದ ಮೇಲೆ ಕ್ಲ್ಯಾಂಪ್ ಬಿಗಿದಿದ್ದೆ. ಎರಡೇ ದಿನಕ್ಕೆ ನಂಗೆ ಗೊತ್ತಾಯ್ತು, ಹೇಳಲಿಲ್ಲ. ಎಲ್ಲಿ ಬೇಕಾದ್ರೂ ಬರೆದು ಕೊಡ್ತೀನಿ."

ದೊಡ್ಡ ಡ್ರೈವರ್ ಮೈಕನ್ನು ನಿಧಾನವಾಗಿ ಕೊಕ್ಕೆಗೆ ಸಿಕ್ಕಿಸಿ ಕೆಳಗಿಳಿಯುತ್ತಾರೆ. ನಲ್ಲಿಯವರೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಾರೆ. ತಿರುಗಿ ಬಂದಾಗ ಕಣ್ಣು ಕೆಂಪಾಗಿದೆ.

"ಹದಿನಾಲ್ಕು ವರ್ಷ ಮಾಮ" ಎನ್ನುತ್ತಾರೆ. "ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡಿದ್ದೀನಿ. ನನ್ನ ಮಗಳು ಎಂಟು ವರ್ಷದವಳು ಆಗ. ಅಪ್ಪಾ, ನೀನು ಬಟನ್ ಯಾಕೆ ಬಿಟ್ಟೆ ಅಂತ ಕೇಳಿದ್ಳು. ಶಾಲೇಲಿ ಯಾರೋ ಅಂದಿದ್ರಂತೆ. ನಾನು ಏನು ಹೇಳ್ಲಿ? ಬಿಟ್ಟೆನೇನೋ ಅಂತ ನಾನೇ ನಂಬಿಬಿಟ್ಟಿದ್ದೆ."

"ತಪ್ಪಾಯ್ತಪ್ಪಾ" ಎಂಬ ಒಂದು ಮಾತು ಮಾಮನ ಬಾಯಿಂದ ಬರುತ್ತದೆ, ಅದೂ ಅರ್ಧಕ್ಕೆ ನಿಲ್ಲುತ್ತದೆ.

ಮೇಲ್ವಿಚಾರಕರು ಪೆನ್ನನ್ನು ಜೇಬಿಗೆ ಸೇರಿಸಿ, ಪಕ್ಕದ ಡಿಪೋಗೆ ಫೋನ್ ಮಾಡಲು ಹೋಗುತ್ತಾರೆ. ದೊಡ್ಡ ಡ್ರೈವರ್ ಕ್ಷಮಿಸಿದೆ ಎಂದೂ ಹೇಳುವುದಿಲ್ಲ, ಬೈಯುವುದೂ ಇಲ್ಲ. ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡು ಗಾಡಿಯ ಹಿಂದೆ ಹತ್ತಿ, ಒಳಚಾವಣಿಯ ಸ್ಕ್ರೂಗಳನ್ನು ಒಂದೊಂದಾಗಿ ಕಳಚತೊಡಗುತ್ತಾರೆ. ಮಾಮನೂ ಹತ್ತುತ್ತಾರೆ. ಒಂದೂವರೆ ಗಂಟೆ ಇಬ್ಬರ ನಡುವೆ "ಹಿಡಿ", "ಬಿಡಿ" ಬಿಟ್ಟು ಬೇರೆ ಮಾತಿಲ್ಲ. ಹಲಗೆ ಇಳಿದಾಗ ಕಾಣುವುದು ಅಂದಾಜು ಮಾಡಿದ್ದೇ. ಜಡೆಯ ತುದಿ ಬೂದು ಬಣ್ಣದ ಮೇಲೆ ಬಿಗಿದು ಕೂತಿದೆ. ಮಾಮ ಜಡೆ ಬಿಚ್ಚಿ, ಹೊಳಪು ಬರುವವರೆಗೆ ಬಣ್ಣ ಕೆರೆಯುತ್ತಾರೆ. ಪೊರೆ ಬಂದ ಕಣ್ಣಿಗೆ ಕಾಣಲೆಂದು ಟಾರ್ಚ್ ಹಿಡಿಯುವವರು ದೊಡ್ಡ ಡ್ರೈವರ್.

ಮೂರು ಗಂಟೆಗೆ ಗಾಡಿ ಕ್ವಾರಿಯ ತಳದಲ್ಲಿ ನಿಂತಿದೆ. ದೊಡ್ಡ ಡ್ರೈವರ್ ಮಾತಾಡುತ್ತಾರೆ. "ಸ್ಪಷ್ಟವಾಗಿ ಕೇಳಿಸ್ತಿದೆ ಅಣ್ಣಾ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ" ಎಂದು ಕಂಟ್ರೋಲ್ ರೂಮಿನ ಹೆಂಗಸಿನ ದನಿ ಕಲ್ಲಿನ ಗೋಡೆಗಳ ನಡುವೆ ಬರುತ್ತದೆ. ಮಾಮ ಚೀಟಿಯನ್ನು ಬಾನೆಟ್ಟಿನ ಮೇಲಿಟ್ಟು ಸೈನ್ ಹಾಕುತ್ತಾರೆ.

ಡಿಪೋದಲ್ಲಿ ನಮ್ಮ ಛಾಯಾಗ್ರಾಹಕ ಏಣಿಯ ಪಕ್ಕ ನಿಲ್ಲಿ ಎಂದು ಕೇಳಿದಾಗ ಮಾಮ ಕೈ ಅಡ್ಡ ಹಿಡಿಯುತ್ತಾರೆ. ಡಿಪೋಗೆ ಮರಳಿದ ಮೇಲೆ ತಾವು ಬರೆದು ಕೊಟ್ಟ ತಪ್ಪೊಪ್ಪಿಗೆಯನ್ನು ಓದಿ ಮೇಲಿನವರು ಏನು ಮಾಡುತ್ತಾರೋ ಅವರಿಗೆ ಗೊತ್ತಿಲ್ಲ. ಅದರ ಚಿಂತೆ ಇದ್ದಂತೆಯೂ ಕಾಣುವುದಿಲ್ಲ.

"ಫೋಟೋ ಬೇಡ, ನನ್ನ ಬಗ್ಗೆ ಜಾಸ್ತಿ ಬರೀಲೂಬೇಡಿ. ಒಂದೇ ಒಂದು ಸಾಲು ಹಾಕಿ ಸಾಕು. ಅವತ್ತು ಡ್ರೈವರ್ ಬಟನ್ ಬಿಟ್ಟಿರಲಿಲ್ಲ ಅಂತ. ನಿಮ್ಮ ಪೇಪರ್ ಅವನ ಮನೆಗೆ ಬರುತ್ತೆ, ಅವನ ಮಗಳು ಓದ್ತಾಳೆ."