ಗುಡ್ಲೈಕನ ಕೂಗು

ನಮ್ಮ ಕಣಿವೆಯಲ್ಲಿ ಬಿಯರ್ ಮಾಡುವವರು ಯೀಸ್ಟ್ ಹಾಕುವಾಗ ಕೂಗಲೇಬೇಕು. ಕೂಗು ಜೋರಾದಷ್ಟೂ ಬಿಯರ್‌ಗೆ ಕಸುವು ಹೆಚ್ಚಂತೆ. ಸುಮ್ಮನೆ ಹಾಕಿದರೆ ಯೀಸ್ಟ್ ಸೋಮಾರಿಯಾಗಿ ಪೀಪಾಯಿಯ ತಳದಲ್ಲೇ ಮಲಗಿಬಿಡುತ್ತದಂತೆ. ಈ ವಿದ್ಯೆಯಲ್ಲಿ ನಮ್ಮ ಬೇಲಿಯಾಚೆಯ ಗುಡ್ಲೈಕನನ್ನು ಮೀರಿಸಿದವರಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಬಾಯಿಬಿಡದ ಮನುಷ್ಯ, ಆ ದಿನ ಮಾತ್ರ ಕಡಲು ಒಳಚಾಚಿದ ಫ್ಯೋರ್ಡಿನ ಆಚೆ ದಡದ ಕುರಿಗಳು ಬೆಚ್ಚುವ ಹಾಗೆ ಅರಚುತ್ತಿದ್ದ.

ಅವನ ಬಿಯರ್ ಚೆನ್ನಾಗಿರುತ್ತಿತ್ತು, ಸುಳ್ಳು ಹೇಳಬಾರದು. ಹೊಗಳಿದವರಿಗೆಲ್ಲ ಅವನು ತನ್ನ ಗಂಟಲು ಮುಟ್ಟಿ ತೋರಿಸುತ್ತಿದ್ದ. ಅವನ ತಾಯಿ ಗುರೋ ಮಾತ್ರ ಏನೂ ಹೇಳುತ್ತಿರಲಿಲ್ಲ. ಪ್ರತಿ ಸಲದ ನೊರೆಯಿಂದ ಮುಂದಿನ ಸಲಕ್ಕೆಂದು ತೆಗೆದು ಬಟ್ಟೆಯ ಮೇಲೆ ಒಣಗಿಸಿಟ್ಟಿದ್ದ ಯೀಸ್ಟ್ ಚಕ್ಕೆಗಳನ್ನು ಹಿಂದಿನ ಸಂಜೆಯೇ ಒಂದು ಬಟ್ಟಲು ಮೊಳಕೆ ಬಾರ್ಲಿಯ ಸಿಹಿ ಮಾಲ್ಟ್ ನೀರಿಗೆ ಹಾಕಿ, ಉಣ್ಣೆಯ ಶಾಲು ಸುತ್ತಿ ಒಲೆಯ ಪಕ್ಕ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಬಟ್ಟಲು ಬುಸುಗುಡುತ್ತಿತ್ತು. ಆಮೇಲೆ ಅಡುಗೆಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿದ್ದ ಪೀಪಾಯಿಗೆ ಮೊಣಕೈ ಅದ್ದಿ, ಮಗುವಿಗೆ ನೀರು ಹಾಕುವ ಹದಕ್ಕೆ ಬಂದಿದೆಯೇ ನೋಡಿ, ಬಟ್ಟಲನ್ನು ಮಗನ ಕೈಗಿಟ್ಟು, "ಈಗ ಕೂಗಪ್ಪ" ಎಂದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತನ್ನ ಕೂಗನ್ನು ತಡೆದುಕೊಳ್ಳಲು ಅವಳ ಕಿವಿಗೆ ಆಗುವುದಿಲ್ಲ ಎಂದು ಗುಡ್ಲೈಕನಿಗೆ ಹೆಮ್ಮೆ.

ಕುರಿ ಮರಿ ಹಾಕುವ ಕಾಲದಲ್ಲಿ ಗುರೋ ತೀರಿಕೊಂಡಳು. ಮಣ್ಣಿಗೆ ಬಂದವರನ್ನು ಮನೆಯ ಬಿಯರ್ ಕೊಡದೆ ಕಳಿಸುವುದುಂಟೇ? ಅದೂ ಗುರೋಳ ಮನೆಯಿಂದ? ಶನಿವಾರ ಮಣ್ಣು. ಗುಡ್ಲೈಕ್ ಬುಧವಾರ ತಾನೇ ಮಾಲ್ಟ್ ಕಾಯಿಸಿ, ಬಟ್ಟೆಯಲ್ಲಿದ್ದ ಚಕ್ಕೆಗಳನ್ನೆಲ್ಲ ಪೀಪಾಯಿಗೆ ಕೊಡವಿ, ಕೂಗಿದ. ಗುರುವಾರ ಬೆಳಿಗ್ಗೆ ನೋಡಿದರೆ ನೊರೆಯಿಲ್ಲ. ಮತ್ತೆ ಕೂಗಿದ. ಮಧ್ಯಾಹ್ನ ಇನ್ನೊಮ್ಮೆ.

"ಸಾವಾದ ಮನೇಲಿ ಇದೇನೇ ರಂಪ? ಹೋಗಿ ಅವನ ಬಾಯಿ ಮುಚ್ಚಿಸು, ಒಡ್ಲೌಗ್" ಎಂದು ನನ್ನ ಗಂಡ ಗೊಣಗಿದ. ನಾನೂ ಸಿಟ್ಟಿನಿಂದಲೇ ಹೋದೆ. ನೋಡಿದರೆ ಪೀಪಾಯಿಯಲ್ಲಿ ನೊರೆಯೇ ಇಲ್ಲ.

"ಎಷ್ಟು ಬಿಸಿ ಇದ್ದಾಗ ಹಾಕ್ದೆ?"

"ಹಬೆ ಬರ್ತಿತ್ತು" ಎಂದ. ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. "ಬೇಗ ಆಗ್ಲಿ ಅಂತ."

"ಬೇಗಾನೇ ಆಗಿದೆ ಬಿಡು. ಎಲ್ಲಾ ಬೆಂದು ಸತ್ತಿವೆ. ಸತ್ತವರನ್ನ ಕೂಗಿದ್ರೆ ಏಳ್ತಾರೇನೋ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಪೀಪಾಯಿಯ ಪಕ್ಕದಲ್ಲೇ ಕುಸಿದು ಕೂತ.

"ಅಮ್ಮ ಇಟ್ಟಿದ್ದು ಕಣೇ ಅದು. ಅಜ್ಜನ ಕಾಲದ್ದು. ಇದ್ದಿದ್ದೇ ಅಷ್ಟು."

ಅವನು ಅತ್ತ. ಸ್ವರವಿಲ್ಲದ್ದರಿಂದ ಸದ್ದೇ ಬರಲಿಲ್ಲ. ನನಗೂ ಅಳು ಬಂತು.

"ಇದ್ದಿದ್ದೇ ಅಷ್ಟು ಅಂತ ಯಾರು ಹೇಳಿದ್ರು?" ಎಂದೆ. "ನಮ್ಮನೇದು ಹುಳಿ ಹಿಡಿದಾಗ ನಿಮ್ಮಮ್ಮನೇ ಅಲ್ವಾ ಕೊಟ್ಟಿದ್ದು? ನಮ್ಮ ಅಟ್ಟದಲ್ಲಿರೋದೂ ನಿಮ್ಮ ಅಜ್ಜನ ಕಾಲದ್ದೇ. ಏಳು, ಮೂಗೊರೆಸ್ಕೋ."

ಮನೆಗೆ ಹೋಗಿ ಬಟ್ಟಲಿನಲ್ಲಿ ಯೀಸ್ಟ್ ಎಬ್ಬಿಸಿದೆ. ಸಂಜೆ ಹೊತ್ತಿಗೆ ಅವನ ಪೀಪಾಯಿ ಆರಿಹೋಗಿತ್ತು. ಅದರಿಂದಲೇ ಒಂದು ಹಂಡೆಯಷ್ಟು ತೆಗೆದು ಕಾಯಿಸಿ ಮತ್ತೆ ಸುರಿದು, ಮೊಣಕೈ ಅದ್ದಿ ಹದ ನೋಡಿ, ಬಟ್ಟಲನ್ನು ಅವನ ಕೈಗಿಟ್ಟೆ. ಅವನು ಬಾಯಿ ತೆರೆದ. ಗಾಳಿಯಷ್ಟೇ ಬಂತು. ಹಾಗೇ ಸುರಿದ. ಕಾಫಿ ಕುಡಿದು ಬರುವಷ್ಟರಲ್ಲಿ ಮೇಲೆ ಬಿಳಿ ನೊರೆಯ ತೇಪೆಗಳು ತೇಲುತ್ತಿದ್ದವು. ಬೆಳಗಾಗುವಾಗ ನೊರೆ ಕೆನೆಗಟ್ಟಿ ಮುಚ್ಚಳ ಎತ್ತಿತ್ತು, ಕೊಟ್ಟಿಗೆಯೆಲ್ಲ ಈ ಯೀಸ್ಟ್ ಎದ್ದಾಗ ಬರುವ ಕಿತ್ತಳೆ ಸಿಪ್ಪೆಯಂಥ ಘಮ.

ಶನಿವಾರ ಬಂದವರೆಲ್ಲ ಕುಡಿದು ಅವನ ಬೆನ್ನು ತಟ್ಟಿದರು. "ಏನು ಗಂಟಲೋ ನಿಂದು! ಮೂರು ಸಲ ಕೇಳಿಸ್ತು ನಮಗೆ. ಅದಕ್ಕೇ ನೋಡು, ಬಿಯರ್ ಈ ಥರ ಬಂದಿರೋದು." ಗುಡ್ಲೈಕ್ ಗಂಟಲು ಮುಟ್ಟಿಕೊಳ್ಳಲಿಲ್ಲ.

ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಿದ್ದ ನನ್ನ ಹತ್ತಿರ ಬಂದ. "ಕೂಗದೇನೇ ಬಂತಲ್ಲ ಒಡ್ಲೌಗ್. ಹಾಗಾದ್ರೆ ಇಷ್ಟು ವರ್ಷ ನಾನು ಕೂಗಿದ್ದು ಯಾರಿಗೆ?"

"ನಿಮ್ಮಮ್ಮಂಗೆ. ಬಾಗಿಲು ಹಾಕ್ಕೊಂಡು, ಏಪ್ರನ್ ಬಾಯಿಗೊತ್ಕೊಂಡು ನಗ್ತಿದ್ಲು. ಮಾತೇ ಆಡದ ಹುಡುಗ, ವರ್ಷಕ್ಕೊಂದ್ಸಲವಾದ್ರೂ ಬಾಯಿ ಬಿಡ್ತಾನಲ್ಲ ಅಂತಿದ್ಲು."

ಅವನು ನಾನು ತೊಳೆದಿಟ್ಟ ಲೋಟ ತೆಗೆದುಕೊಂಡು ಒರೆಸಿದ.

ಕ್ರಿಸ್ಮಸ್ ಬಿಯರ್ ಮಾಡುವ ದಿನ ನಾನು ಇಣುಕಿ ನೋಡಲು ಹೋಗಿದ್ದೆ. ಬಟ್ಟಲು ಗುರೋಳ ಶಾಲಿನೊಳಗೆ ಬೆಚ್ಚಗಿತ್ತು. ಗುಡ್ಲೈಕ್ ಮೊಣಕೈ ಅದ್ದಿ ನೋಡಿದ, ಕಾದ, ಮತ್ತೆ ಅದ್ದಿದ, ಯೀಸ್ಟ್ ಸುರಿದ. ಆಮೇಲೆ ಪೀಪಾಯಿಗೆ ಬೆನ್ನು ಹಾಕಿ, ಮುಚ್ಚಿದ ಅಡುಗೆಮನೆ ಬಾಗಿಲ ಕಡೆ ತಿರುಗಿ ಕೂಗಿದ.