ಹೆಬ್ರನ್ ಬೀದಿಗೆ ಬೇಲಿ

ಹೆಬ್ರನ್ ಬೀದಿಯಲ್ಲಿ ಕಾರು ಓಡುವುದಿಲ್ಲ, ಸೈಕಲ್ಲೂ ಇಳಿಯುವುದಿಲ್ಲ. ಅದು ಗುಡ್ಡದ ತಲೆಯಿಂದ ಒಹಾಯೋ ನದಿ ಪಕ್ಕದ ಬಸ್ ನಿಲ್ದಾಣದವರೆಗೂ ಇಳಿಯುವ ಸಿಮೆಂಟಿನ ಮೆಟ್ಟಿಲಸಾಲು, ಅಷ್ಟೆ. ನಗರಸಭೆಯ ಲೆಕ್ಕದಲ್ಲಿ ಅದೂ ಬೀದಿಯೇ. ಬೀದಿಗೆ ಹೆಸರುಂಟು, ಮನೆಗಳಿಗೆ ನಂಬರುಂಟು. ಉಕ್ಕಿನ ಕಾರ್ಖಾನೆ ಉರಿಯುತ್ತಿದ್ದ ಕಾಲದಲ್ಲಿ ಕೂಲಿಯವರು ಬೇಗ ಇಳಿದು ಬರಲಿ ಎಂದು ಕಟ್ಟಿಸಿದ್ದು. ಕಾರ್ಖಾನೆ ಬಾಗಿಲು ಹಾಕಿತು, ಕೂಲಿಯವರ ಮಕ್ಕಳು ಗುಡ್ಡದ ಮೇಲೆಯೇ ಉಳಿದರು. ಬರ್ನಿಸ್ ಹ್ರೂಷ್ಕಾ ಅಂಥವರಲ್ಲಿ ಒಬ್ಬಳು. ಕೆಳಗಿನ ದೊಡ್ಡ ಹೋಟೆಲಿನಲ್ಲಿ ಊರವರಲ್ಲದವರು ಮಲಗೆದ್ದ ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸ. ಅಪ್ಪ ಏರಿಳಿದ ಮೆಟ್ಟಿಲನ್ನೇ ಏರಿಳಿದು, ಅಪ್ಪನ ಮೊಣಕಾಲು ನೋವನ್ನೂ ಆಸ್ತಿಯ ಹಾಗೆ ಪಡೆದುಕೊಂಡಿದ್ದಳು.

ಆ ವಸಂತದಲ್ಲಿ ಯಾವುದೋ ಪತ್ರಿಕೆ, ದೇಶದಲ್ಲೇ ಬದುಕಲು ಯೋಗ್ಯವಾದ ಊರುಗಳಲ್ಲಿ ಇದೂ ಒಂದು ಎಂದು ಬರೆಯಿತು. ನಗರಸಭೆಯವರು ಸೇತುವೆಗೆ ಅಡ್ಡಡ್ಡ ಬಟ್ಟೆ ಕಟ್ಟಿ ಅದನ್ನು ಸಾರಿದರು. ಅದೇ ವಾರ ಅವರದೇ ಆಳುಗಳು ಬಂದು ಹೆಬ್ರನ್ ಬೀದಿಯ ಕೊನೆಯ ಮನೆಯ ಕೆಳಗೆ ತಂತಿಬೇಲಿ ಬಿಗಿದು, ಮೆಟ್ಟಿಲು ಅಪಾಯಕಾರಿ ಎಂದು ಹಲಗೆ ತಗುಲಿಸಿ ಹೋದರು. ಮೆಟ್ಟಿಲು ಅಪಾಯಕಾರಿಯಾಗಿಯೇ ಇತ್ತು. ಮೂವತ್ತು ವರ್ಷ ಒಂದು ಬಾಂಡ್ಲಿ ಸಿಮೆಂಟು ಹಾಕದೆ ಬಿಟ್ಟರೆ ಯಾವ ಮೆಟ್ಟಿಲು ತಾನೇ ನೆಟ್ಟಗಿರುತ್ತದೆ? ಆ ದುಡ್ಡೆಲ್ಲ ನದೀತೀರದ ಹೊಸ ಕಾಲುಹಾದಿಗೆ, ಅದರ ಪಕ್ಕದ ಕಾರಂಜಿಗೆ ಹೋಗಿತ್ತು.

ಬರ್ನಿಸ್ ರಜೆ ಹಾಕಿ ನಗರಸಭೆಗೆ ಹೋದಳು. ಮೆಟ್ಟಿಲುಗಳ ಉಸ್ತುವಾರಿಗೆಂದು ಬೇರೆ ರಾಜ್ಯದಿಂದ ಬಂದಿದ್ದ ಟ್ರೆವರ್ ಲಿಂಡ್‌ಕ್ವಿಸ್ಟ್ ಎಂಬ ಅಧಿಕಾರಿ ಅವಳನ್ನು ಕೂರಿಸಿ ನೀರು ಕೊಟ್ಟ.

"ಮೇಲುಗಡೆ ರಸ್ತೆ ಇದೆಯಲ್ಲ ಮೇಡಂ, ಅಲ್ಲಿಂದ ಬನ್ನಿ."

"ಅದು ಲಾರಿ ರಸ್ತೆ. ನಡೆಯೋಕೆ ಒಂದು ಮೊಳ ಜಾಗ ಇಲ್ಲ."

"ಕಾರು?"

"ಕಾರಿದ್ದಿದ್ರೆ ನಿನ್ನ ಮುಖ ಯಾಕಪ್ಪ ನೋಡ್ತಿದ್ದೆ?"

ಅವನು ನಕ್ಕ. ಮುಂದಿನ ವರ್ಷ ಅಧ್ಯಯನ ಮಾಡಿಸುತ್ತೇವೆ ಎಂದ. ಬರ್ನಿಸ್ ನೀರು ಮುಟ್ಟದೆ ಎದ್ದು ಬಂದಳು.

ಪಕ್ಕದ ಮನೆಯ ಆಟಿಸ್ ಪೆಟ್‌ವೇ ಅವಳಿಗಿಂತ ಹಿರಿಯ, ಕರಿಯ, ಒಂಟಿ. ಊರಿನ ಸೇತುವೆಗಳಿಗೆಲ್ಲ ಬಣ್ಣ ಬಳಿದು ಬಳಿದು ಎದೆಗೂಡು ಹಾಳಾಗಿತ್ತು. ವಾರಕ್ಕೆರಡು ಸಲ ಕೆಳಗಿನ ಆಸ್ಪತ್ರೆಗೆ ಹೋಗಿ ಉಸಿರಿನ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಮೆಟ್ಟಿಲಿದ್ದಾಗ ಕೂತು ಕೂತು ಇಳಿಯುತ್ತಿದ್ದ, ಹೋಗಿ ಬರುವವರನ್ನೆಲ್ಲ ರೇಗಿಸುತ್ತಿದ್ದ. ಬೇಲಿ ಬಂದ ಮೇಲೆ ಲಾರಿ ರಸ್ತೆ ಹಿಡಿದ. ಒಂದು ಬೆಳಿಗ್ಗೆ ಜಲ್ಲಿ ಲಾರಿಯೊಂದು ಮೈಗೆ ತಾಗುವ ಹಾಗೆ ಬಂತು. ಆಟಿಸ್ ಪಕ್ಕಕ್ಕೆ ಸರಿಯಲು ಹೋಗಿ ಚರಂಡಿಗೆ ಬಿದ್ದ. ಮಣಿಕಟ್ಟು ಮುರಿಯಿತು. ಕೆಲಸಕ್ಕೆ ಹೊರಟಿದ್ದ ಬರ್ನಿಸ್‌ಗೇ ಅವನು ಕಂಡಿದ್ದು.

"ಯಾವನೋ ಲಾರಿಯವನು? ನಂಬರ್ ನೋಡಿದ್ಯಾ?"

"ಕೆಸರಲ್ಲಿ ಮುಖ ಹೂತಿತ್ತು ಕಣೇ ಬರ್ನಿ. ಕೆಸರಿಗೆ ನಂಬರ್ ಇರಲ್ಲ."

ಆಸ್ಪತ್ರೆಯವರು, ಇನ್ನು ನೀನು ಆ ಮನೆಯಲ್ಲಿರುವುದು ಬೇಡ, ವೃದ್ಧರ ವಸತಿಗೆ ಸೇರಿಕೋ ಎಂದರು. ಆಟಿಸ್ ಜೋಕು ಹೇಳುವುದನ್ನು ನಿಲ್ಲಿಸಿದ. ಬರ್ನಿಸ್‌ಗೆ ಅದಕ್ಕಿಂತ ಹೆದರಿಕೆಯ ಸಂಗತಿ ಬೇರೆ ಕಾಣಲಿಲ್ಲ. ಇವತ್ತು ಅವನು, ನಾಳೆ ತಾನು. ಗುಡ್ಡ ಖಾಲಿಯಾಗಲಿ ಎಂದೇ ಬೇಲಿ ಹಾಕಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಗುಡ್ಡದ ಹೆಂಗಸರು ಮಾರಾಟಕ್ಕೆಂದು ಪಿಯರೋಗಿ ಮಾಡುತ್ತಾರೆ. ಆಲೂಗಡ್ಡೆ ಹೂರಣ ತುಂಬಿದ ಕಡುಬು, ಅಂಚು ಮಡಿಸಿ ಬೆರಳಲ್ಲಿ ಒತ್ತಬೇಕು. ಆ ದಿನ ಬರ್ನಿಸ್ ಒತ್ತಿದ್ದೆಲ್ಲ ಹರಿದುಹೋಯಿತು.

"ಹಿಟ್ಟಿನ ಮೇಲೆ ಯಾಕೆ ಸಿಟ್ಟು? ಎಲ್ಲರೂ ಸೇರಿ ಒಂದು ಅರ್ಜಿ ಕೊಡೋಣ," ಎಂದಳು ಅಡುಗೆಯ ಯಜಮಾನಿ ಲುಡ್ಮಿಲಾ.

"ಅರ್ಜಿ ಅನ್ನೋ ಮಾತು ಇನ್ನೊಂದ್ಸಲ ಬಂದ್ರೆ ಈ ಹೂರಣ ನಿನ್ನ ಬಾಯಿಗೆ ತುರುಕ್ತೀನಿ."

"ತುರುಕು ತಾಯಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅರ್ಜಿ ಬೇಡ ಅಂದ್ರೆ ಏನು ಮಾಡ್ತೀಯ, ಹೋಗಿ ಅವರ ದಾರೀಲಿ ಕುರ್ಚಿ ಹಾಕ್ತೀಯಾ?"

ಹೆಂಗಸರು ನಕ್ಕರು. ಬರ್ನಿಸ್ ನಗಲಿಲ್ಲ. ಆ ಊರಿನಲ್ಲಿ ಹಿಮ ಬಿದ್ದಾಗ ಮನೆಮುಂದೆ ಕಾರು ನಿಲ್ಲಿಸುವ ಜಾಗವನ್ನು ಬೆನ್ನು ಮುರಿಯುವ ಹಾಗೆ ಕೆರೆದವರು, ಈ ಜಾಗ ನಮ್ಮದು ಎಂದು ಅಲ್ಲೊಂದು ಅಡುಗೆಮನೆ ಕುರ್ಚಿ ಇಟ್ಟು ಹೋಗುತ್ತಾರೆ. ಕಾನೂನಿನಲ್ಲಿ ಅದಕ್ಕೆ ಕವಡೆ ಬೆಲೆಯಿಲ್ಲ. ಆದರೆ ಇನ್ನೊಬ್ಬರ ಕುರ್ಚಿ ಎತ್ತಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

"ಶನಿವಾರ ನದೀತೀರದಲ್ಲಿ ಅವರ ಆ ಯೋಗ್ಯ ಊರಿನ ಪ್ರಶಸ್ತಿ ಸಮಾರಂಭ ಇದೆ," ಎಂದಳು ಬರ್ನಿಸ್. "ದೊಡ್ಡವರ ಕಾರೆಲ್ಲ ಎಲ್ಲಿ ನಿಲ್ಲುತ್ತೆ?"

ಶನಿವಾರ ಬೆಳಿಗ್ಗೆ ಅತಿಥಿಗಳು ಬರುವ ಹೊತ್ತಿಗೆ ಕಾರಂಜಿಯ ಮುಂದಿನ ಒಂದೊಂದು ಜಾಗದಲ್ಲೂ ಒಂದೊಂದು ಕುರ್ಚಿ ಇತ್ತು. ಕಾಲು ಮುರಿದದ್ದು, ತುಕ್ಕು ಹಿಡಿದದ್ದು, ಪ್ಲಾಸ್ಟಿಕ್ಕಿನದು. ಪ್ರತಿಯೊಂದಕ್ಕೂ 'ಹೆಬ್ರನ್ ಬೀದಿ' ಎಂದು ರಟ್ಟು ಕಟ್ಟಿತ್ತು. ಕಾವಲಿಗಿದ್ದ ಪೊಲೀಸ್ ಡೆನ್ನಿ ಮಹೋನ್ ತಲೆ ಕೆರೆದುಕೊಂಡ.

"ಹ್ರೂಷ್ಕಾ ಅಮ್ಮಾ, ಈಗ ಎಲ್ಲಿ ಬಂತು ಹಿಮ?"

"ಎತ್ತು, ಡೆನ್ನಿ. ಬೇಡ ಅಂದೆನಾ?"

"ನಮ್ಮಜ್ಜಿ ಇನ್ನೂ ಬದುಕಿದಾಳೆ. ಟೀವಿಯಲ್ಲಿ ನೋಡಿದ್ರೆ ನನ್ನನ್ನ ಮನೆಯೊಳಕ್ಕೆ ಬಿಡಲ್ಲ."

ಕಾರು ಎಳೆಯುವ ಲಾರಿಯವನನ್ನು ಕರೆಸಿದರು. ಅವನು ಇಳಿದು ನೋಡಿ, ನನಗೆ ಕಾರು ಎಳೆಯೋ ಕೆಲಸ, ಕುರ್ಚಿದಲ್ಲ ಎಂದು ವಾಪಸು ಹತ್ತಿದ. ದೊಡ್ಡ ಕಾರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದವು. ಕೊನೆಗೆ ಟ್ರೆವರ್ ಓಡಿ ಬಂದ. ಅವನಿಗೆ ಇದು ಬರೀ ಹರಕಲು ಕುರ್ಚಿ. ಒಂದನ್ನೆತ್ತಿ ಕಾಲುಹಾದಿಯ ಕಡೆ ಎಸೆದ.

"ಏಯ್!"

ಕೂಗಿದ್ದು ಗುಡ್ಡದವರಲ್ಲ. ಬ್ಯಾಂಡಿನವರು, ಐಸ್‌ಕ್ರೀಮ್ ಮಾರುವವನು, ಪ್ರಶಸ್ತಿ ನೋಡಲು ಬಂದಿದ್ದ ಊರಿನ ಜನ. "ಕುರ್ಚಿ ಕೆಳಗಿಡೋ! ಯಾರ ಮಗನೋ ನೀನು?" ಎಂದು ಒಬ್ಬ ಮುದುಕ ಕೋಲೆತ್ತಿಕೊಂಡು ಬಂದ. ಟೀವಿಯವರು ವೇದಿಕೆ ಬಿಟ್ಟು ಇತ್ತ ತಿರುಗಿದರು.

ಸಂಜೆಯೊಳಗೆ ಊರಿಗೆ ಊರೇ ನಗರಸಭೆಗೆ ಫೋನು ಮಾಡಿ ಉಗಿಯಿತು. ಸೋಮವಾರ ಟ್ರೆವರ್ ಕ್ಷಮೆ ಕೇಳಿದ. ಆ ವಾರವೇ ಹೆಬ್ರನ್ ಬೀದಿಗೆ ಸಿಮೆಂಟು ಬರುವುದೆಂದು ಮೇಯರ್ ಕಚೇರಿ ಹೇಳಿತು. ಲುಡ್ಮಿಲಾ ಕುಣಿದಾಡಿದಳು.

"ಗೆದ್ವಲ್ಲೇ, ಇನ್ನಾದ್ರೂ ನಗೇ!"

"ಯಾಕೆ ನಗಲಿ? ಆಟಿಸ್ ಚರಂಡೀಲಿ ಬಿದ್ದಾಗ ಒಬ್ಬ ನಾಯಿಮಗನೂ ಫೋನ್ ಮಾಡ್ಲಿಲ್ಲ. ಅವನ ಕೈ ಮುರೀತು, ಇವರಿಗೆ ಏನೂ ಅನ್ನಿಸ್ಲಿಲ್ಲ. ಕುರ್ಚಿ ಎಸೆದಿದ್ದಕ್ಕೆ ಕಣ್ಣೀರು ಬಂತು! ಮನುಷ್ಯನಿಗಿಂತ ಕುರ್ಚಿ ಹೆಚ್ಚಾಯ್ತಾ ಇವರಿಗೆ?"

ಲುಡ್ಮಿಲಾಳ ಕುಣಿತ ನಿಂತಿತು. ಅವಳೂ ಆಟಿಸ್‌ನನ್ನು ನೋಡಲು ಹೋಗಿರಲಿಲ್ಲ.

ಕೆಲಸ ಮುಗಿದ ಮೇಲೆ ನಗರಸಭೆಯವರು ಉದ್ಘಾಟನೆಗೆ ದಿನ ಗೊತ್ತು ಮಾಡಿ, ಮೆಟ್ಟಿಲಿಗೆ ಅಡ್ಡ ಕೆಂಪು ಟೇಪು ಕಟ್ಟಿದರು. ಮೇಯರ್ ಬರುವುದು ತಡ ಎಂದು ಸುದ್ದಿ ಬಂತು. ಬರ್ನಿಸ್‌ಳ ಬಸ್ಸು ತಡ ಮಾಡುವುದಲ್ಲ. ಅವಳು ಊಟದ ಡಬ್ಬಿ ಹಿಡಿದು ಬಂದಳು. ಹಿಂದೆ, ವೃದ್ಧರ ವಸತಿಗೆ ಸೇರದೆ ಮನೆಯಲ್ಲೇ ಉಳಿದಿದ್ದ ಆಟಿಸ್, ಕೈಗೆ ಪಟ್ಟಿ ಕಟ್ಟಿಕೊಂಡು; ಅವತ್ತು ಅವನ ಚಿಕಿತ್ಸೆಯ ದಿನ.

"ಸ್ವಲ್ಪ ಇರಿ ಮೇಡಂ," ಎಂದ ಟ್ರೆವರ್. "ನಿಮ್ಮ ಕೈಗೇ ಕತ್ತರಿ ಕೊಡಬೇಕು ಅಂತಿದೀವಿ. ಫೋಟೋ ಇದೆ."

"ನನ್ನ ಬೀದಿಗೆ ಇಳಿಯೋಕೆ ನಿನ್ನ ಕತ್ತರಿ ಯಾಕೆ ಬೇಕು?"

"ಒಂದು ಅರ್ಧ ಗಂಟೆ. ಇಲ್ಲಾಂದ್ರೆ ಹಾಗೇ ಬಗ್ಗಿ ಹೋಗಿಬಿಡಿ."

"ಅವನಿಗೆ ಬಗ್ಗೋಕಾಗಲ್ಲ," ಎಂದು ಬರ್ನಿಸ್ ಟೇಪನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಕಂಬದ ಗಂಟು ಬಿಚ್ಚಿ ಟೇಪು ನೆಲಕ್ಕೆ ಬಿತ್ತು. ಆಟಿಸ್ ಅದನ್ನು ತುಳಿದುಕೊಂಡೇ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಉಸಿರಿಗೆಂದು ಅಲ್ಲೇ ಕೂತ.

"ಸಿಮೆಂಟು ತಣ್ಣಗಿದೆ ಕಣೇ," ಎಂದ. "ಕುಂಡಿ ಹಿಡ್ಕೊಂಡ್ರೆ ಯಾರು ಜವಾಬ್ದಾರಿ, ಈ ಸಾಹೇಬರಾ?"

"ಮಾತು ಸಾಕು, ಏಳು. ಬಸ್ಸು ಬಂತು."