ಉಸಿರು ತುಂಬಿಕೋ, ಆಮೇಲೆ ಕತ್ತರಿ

"ನಮ್ಮ ಹುಡುಗಿಗೆ ದಮ್ಮಿದೆ ಸಾರ್" ಎಂದು ದರ್ಜಿ ಅಂಗಡಿಯ ಇಸ್ತ್ರಿ ಮಾವ ಹೇಳಿದಾಗ, ಕೋಟು ಹೊಲಿಸಲು ಬಂದಿದ್ದ ಗಿರಾಕಿಯೊಬ್ಬ, ಅಂದರೆ ಇದನ್ನು ಬರೆಯುತ್ತಿರುವ ಮನುಷ್ಯನೇ, ಅದನ್ನು ಧೈರ್ಯ ಎಂದುಕೊಂಡ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ನಿಮಿಷದ ಹಿಂದಷ್ಟೇ ಆ ಹುಡುಗಿ, ವಯಸ್ಸು ನಲವತ್ತೇಳು, ಯಾವುದೋ ಸಂಘದ ಅಧ್ಯಕ್ಷರ ಸೊಂಟಕ್ಕೆ ಟೇಪು ಸುತ್ತಿ, "ನಲವತ್ತೆರಡು. ನೀವು ಹೊಟ್ಟೆ ಒಳಗೆಳ್ಕೊಂಡ್ರೆ ಕೋಟೇನೂ ಒಳಗೆಳ್ಕೊಳಲ್ಲ" ಎಂದು ಮುಖದ ಮೇಲೆ ಹೇಳಿ, ಮೇಜಿಗೆ ಆತು ಸುಮ್ಮನೆ ನಿಂತಿದ್ದಳು. ಅಧ್ಯಕ್ಷರು ಸಿಡುಕುತ್ತ ಹೊರಟುಹೋದರು. ಗಿರಾಕಿ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಮಾತಾಡುವವನಂತೆ, "ನಿಮ್ಮಂಥ ದಮ್ಮು ಎಲ್ಲರಿಗೂ ಇರಬೇಕಮ್ಮ" ಎಂದ.

ಆಕೆ ತುಟಿಯ ನಡುವಿನ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಎಲ್ಲರಿಗೂ ಯಾಕೆ ಸಾರ್, ಪಾಪ, ಅವರೇನು ತಪ್ಪು ಮಾಡಿದಾರೆ" ಎಂದು ಮೇಜಿನ ಖಾನೆಯಿಂದ ಬಾಯಿಗಿಟ್ಟು ಒತ್ತಿಕೊಳ್ಳುವ ನೀಲಿ ಪಂಪೊಂದನ್ನು ತೆಗೆದು ತೋರಿಸಿದಳು. ದಮ್ಮು ಎಂದರೆ ಉಬ್ಬಸ. ಆಕೆ ಮೇಜಿಗೆ ಆತು ನಿಂತದ್ದು ಗತ್ತಿಗಲ್ಲ, ಗಾಳಿಗೆ.

ಬೀದಿಯವರು ಆಕೆಯನ್ನು ಕರೆಯುವುದು ಕತ್ತರಿ ಅಕ್ಕ ಎಂದು. ಅಂಗಡಿ ಅಪ್ಪನದು, ಮೇಜೂ ಅಪ್ಪನದು. ಮೇಜಿನ ಒಂದು ಅಂಚು, ಅಪ್ಪನ ಸೊಂಟ ಒರಗಿ ಒರಗಿ, ನುಣ್ಣಗೆ ಒಳಗೆ ಬಾಗಿದೆ. ಕತ್ತರಿ ಹಿಡಿಯಲು ಕಲಿಸಿದವನೂ ಅವನೇ. ಅವನ ಪಾಠ ಒಂದೇ ಸಾಲಿನದು: "ಉಸಿರು ತುಂಬ್ಕೋ, ಹಿಡ್ಕೋ, ಆಮೇಲೆ ಕತ್ತರಿ." ಎದೆ ಅಲ್ಲಾಡಿದರೆ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ಬಟ್ಟೆ ಹಾಳು. ಮಗಳಿಗೆ ಈ ಪಾಠ ರಕ್ತಕ್ಕಿಳಿದಿತ್ತು. ಅಪ್ಪನ ಉಬ್ಬಸವೂ ಅದೇ ದಾರಿಯಲ್ಲಿ ಇಳಿದಿತ್ತು.

ಅಪ್ಪ ಅಂಗಡಿಯ ಯಾವ ಮೂಲೆಯಲ್ಲಿದ್ದಾನೆಂದು ಅವನ ಎದೆಯ ಶಿಳ್ಳೆಯಿಂದಲೇ ತಿಳಿಯುತ್ತಿತ್ತು. ಹದಿನೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಿಂದಿನ ಕೋಣೆಯ ಕುರ್ಚಿಯಲ್ಲಿ, ಅರ್ಧ ಕತ್ತರಿಸಿದ ಅಂಗಿಯ ತೋಳೊಂದು ಮಡಿಲಲ್ಲಿರುವಾಗಲೇ ಅವನು ಹೋದ. ಆಂಬುಲೆನ್ಸ್ ಬರುವ ಮೊದಲು ಹನ್ನೊಂದು ಸಲ ಪಂಪು ಒತ್ತಿಕೊಂಡಿದ್ದ. ಅಕ್ಕ ಎದುರಿಗೇ ಮಂಡಿಯೂರಿ ಕೂತು ಎಣಿಸಿದ್ದಳು. ಹನ್ನೆರಡನೆಯದಕ್ಕೆ ಬೆರಳು ಏಳಲಿಲ್ಲ.

ಶಿಳ್ಳೆ ಮಾತ್ರ ಹೋಗಲಿಲ್ಲ. ಅವಳ ಎದೆಯಲ್ಲಿ ಸುಯ್ ಎಂದಾಗಲೆಲ್ಲ ಅದು ತನ್ನದೆಂದು ಅನ್ನಿಸುತ್ತಿರಲಿಲ್ಲ. ಹಿಂದಿನ ಕೋಣೆಯಿಂದ ಯಾರೋ ಎದ್ದು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಅದು ಬಾಗಿಲಿಗೆ ಬರುವ ಮೊದಲೇ ಅಕ್ಕ ಬಿಳಿ ಮಾತ್ರೆ ನುಂಗಿಬಿಡುತ್ತಿದ್ದಳು. ಯಾವ ಕಾಲದಲ್ಲೋ ಡಾಕ್ಟರು ಒಂದು ವಾರಕ್ಕೆಂದು ಬರೆದುಕೊಟ್ಟ ಸ್ಟಿರಾಯ್ಡ್ ಮಾತ್ರೆ. ಚೀಟಿ ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಗಿತ್ತು. ಔಷಧಿ ಅಂಗಡಿಯವನು ಅದನ್ನು ಕೇಳುವುದನ್ನೂ ಬಿಟ್ಟಿದ್ದ.

"ಪಂಪು ಅಭ್ಯಾಸ ಆಗ್ಬಿಡತ್ತೆ ಕಣೇ" ಎನ್ನುತ್ತಿದ್ದ ಇಸ್ತ್ರಿ ಮಾವ. ಅವನು ಅಮ್ಮನ ತಮ್ಮ. ಇಸ್ತ್ರಿ ಪೆಟ್ಟಿಗೆಯ ಹಿಂದೆ ನಿಂತು ಮೂವತ್ತು ವರ್ಷದಿಂದ ಜಗತ್ತಿಗೆ ಬುದ್ಧಿ ಹೇಳುತ್ತಿರುವವನು. "ಮಾತ್ರೆ ಆದ್ರೆ ನುಂಗಿದ್ವಿ, ಮುಗೀತು."

ಮುಗಿಯಲಿಲ್ಲ. ಮುಖ ಹುಣ್ಣಿಮೆಯಾಯಿತು. "ಮೈಕೈ ತುಂಬ್ಕೊಂಡಿದೀಯ, ಸುಖವಾಗಿದೀಯ ಅನ್ನು" ಎಂದರು ಪಕ್ಕದ ಅಂಗಡಿಯವರು. ಮೇಜಿನ ಅಂಚು ತಗುಲಿದರೂ ಕೈ ಕಪ್ಪಗೆ ಕಂದುತ್ತಿತ್ತು. ಒಂದು ದಿನ ಸೂಜಿಯ ಕಣ್ಣು ಕಾಣಲಿಲ್ಲ. ದಾರ ದಪ್ಪವೆಂದು ದಾರವನ್ನು ಬೈದಳು, ಬಲ್ಬನ್ನು ಬೈದಳು, ಸೂಜಿ ಮಾಡಿದವನನ್ನು ಬೈದಳು. ಕಣ್ಣಿನ ಡಾಕ್ಟರು, "ಇದು ಆ ಮಾತ್ರೆಯ ಕೆಲಸ, ಪೊರೆ ಕಟ್ತಿದೆ" ಎಂದು ಎದೆಯ ಆಸ್ಪತ್ರೆಗೆ ಕಳಿಸಿದರು.

ಎದೆಯ ಡಾಕ್ಟರದು ಸ್ಪಷ್ಟ ಮಾತು. ಮಾತ್ರೆ ಬಿಡಬೇಕು, ಆದರೆ ಥಟ್ಟನೆ ಬಿಡುವಂತಿಲ್ಲ. ಮೈ ತನ್ನ ಪಾಲಿನ ಸ್ಟಿರಾಯ್ಡನ್ನು ತಾನೇ ಮಾಡಿಕೊಳ್ಳುವುದನ್ನು ಮರೆತು ಮಲಗಿದೆ, ಅದನ್ನು ಮೆಲ್ಲಗೆ ಎಬ್ಬಿಸಬೇಕು. ತಿಂಗಳಿಗಿಷ್ಟು ಎಂದು ಇಳಿಸುತ್ತ ಹೋಗಬೇಕು. ಅಷ್ಟರಲ್ಲಿ ಎದೆಯನ್ನು ಪಂಪೇ ಕಾಯಬೇಕು. ಅಕ್ಕನಿಗೆ ಅರ್ಥವಾದದ್ದು ಇಷ್ಟು: ಮಾತ್ರೆ ಹಿಡಿದುಕೊಂಡರೆ ಕಣ್ಣು ಹೋಗುತ್ತದೆ, ಬಿಟ್ಟರೆ ಆ ಕುರ್ಚಿ.

"ಪಂಪು ಹೇಗೆ ತಗೋತೀರ, ತೋರ್ಸಿ" ಎಂದಳು ನರ್ಸು.

ಅಕ್ಕ ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಉಸಿರು ತುಂಬಿಕೊಂಡು, ಹಿಡಿದು, ಪಂಪು ಬಾಯಿಗಿಟ್ಟು ಒತ್ತಿದಳು. ತುಟಿಯ ಅಂಚಿನಿಂದ ಬಿಳಿ ಹೊಗೆ ಹೊರಗೆ ಬಂತು.

ನರ್ಸು ಪೆನ್ನು ಕೆಳಗಿಟ್ಟಳು. "ಮೊದಲೇ ಯಾಕೆ ತುಂಬ್ಕೋತೀರ?"

"ಮತ್ತೆ? ತುಂಬ್ಕೊಳ್ದೆ ಕತ್ತರಿ ಆಡ್ಸಕ್ಕಾಗತ್ತಾ?"

"ಇದು ಕತ್ತರಿ ಅಲ್ಲಮ್ಮ. ತುಂಬಿದ ಕೊಡಕ್ಕೆ ನೀರು ಹುಯ್ದ್ರೆ ಎಲ್ಲಿ ಹೋಗತ್ತೆ? ಮೊದಲು ಖಾಲಿ ಮಾಡ್ಕೊಳಿ. ಆಮೇಲೆ ನಿಧಾನಕ್ಕೆ ಒಳಗೆ ಎಳೀತಾ ಒತ್ತಿ. ಪೂರ್ತಿ ಎಳೆದ ಮೇಲೆ ಹತ್ತು ಎಣಿಸೋವರೆಗೂ ಹಿಡ್ಕೊಳಿ. ಹಿಂದಿನ ಡಾಕ್ಟರು ಇನ್ನೊಂದು ಕಂದು ಪಂಪು ಕೊಟ್ಟಿದ್ರಲ್ಲ, ದಿನಾ ತಗೊಳೋದು, ಅದೆಲ್ಲಿ?"

"ಅದು ಹೊಸದಾಗೇ ಇದೆ. ಕಷ್ಟಕಾಲಕ್ಕೆ ಅಂತ ಎತ್ತಿಟ್ಟಿದೀನಿ."

"ಅದನ್ನ ದಿನಾ ತಗೊಂಡ್ರೆ ಕಷ್ಟಕಾಲ ಬರಲ್ಲ. ತಗೊಂಡ ಮೇಲೆ ಬಾಯಿ ಮುಕ್ಕಳಿಸ್ಬೇಕು, ಅಷ್ಟೇ."

ಅಕ್ಕ ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟಳು. ಎಳೆದಳು, ಒತ್ತಿದಳು. ತಣ್ಣನೆಯದೇನೋ ಎಂದೂ ಮುಟ್ಟದ ಜಾಗಕ್ಕೆ ಇಳಿಯಿತು. ಹತ್ತು ಎಣಿಸಬೇಕಿತ್ತು. ಎಣಿಸುವಾಗಲೇ ಆ ಹಳೆಯ ಎಣಿಕೆ ನೆನಪಾಯಿತು. ಅಪ್ಪನೂ ಪ್ರತಿ ಸಲ ತುಂಬಿಕೊಂಡೇ ಒತ್ತಿದ್ದ. ಬಾಯಿಯ ಅಂಚಿನ ಆ ಹೊಗೆಯನ್ನು ಅವಳು ಕಣ್ಣಾರೆ ನೋಡಿದ್ದಳು. ಹನ್ನೊಂದು ಸಲ ಬಂದ ಮದ್ದು ಹನ್ನೊಂದು ಸಲವೂ ಅಂಗುಳವೆಂಬ ಅಂಗಳದಲ್ಲೇ ನಿಂತು, ಮನೆ ಬಾಗಿಲು ಮುಚ್ಚಿದೆಯೆಂದು ಹಿಂದಿರುಗಿತ್ತು.

"ನಮ್ಮಪ್ಪನೂ ಹೀಗೇ" ಎಂದಳು.

"ಏನಂದ್ರಿ?"

"ಏನಿಲ್ಲ. ಚೀಟಿ ಕೊಡಿ."

ಮಾತ್ರೆ ಇಳಿಸುವ ಪಟ್ಟಿ ಅಳತೆ ಪುಸ್ತಕದ ಪಕ್ಕದ ಗೋಡೆಗೆ ಅಂಟಿತು. ಮೊದಲ ತಿಂಗಳು ಕೀಲುಕೀಲೂ ನೋಯಿತು, ಎರಡನೆಯ ತಿಂಗಳು ಮೆಟ್ಟಿಲು ಬೆಟ್ಟವಾಯಿತು. ಪಂಪು ಸರಿಯಾಗಿ ಎಳೆದ ಎದೆ ಮಾತ್ರ ಹಗುರವಾಗುತ್ತ ಬಂತು. ನರ್ಸು ಊದಲು ಒಂದು ಕೊಳವೆ ಕೊಟ್ಟಿದ್ದಳು. ಎಷ್ಟು ಜೋರಾಗಿ ಊದಬಲ್ಲೆ ಎಂದು ಅದರ ಮುಳ್ಳು ಹೇಳುತ್ತದೆ. ಮುಳ್ಳು ಇನ್ನೂರೈವತ್ತಕ್ಕಿಂತ ಕೆಳಗಿಳಿದರೆ ಕೂಡಲೇ ಆಸ್ಪತ್ರೆಗೆ ಬರಬೇಕು. "ಬೆಳಿಗ್ಗೆ ಎದ್ದು ಪೀಪಿ ಊದ್ತಾಳೆ, ಮದುವೆ ಯಾರದೋ" ಎಂದು ಮಾವ ಚುಚ್ಚುತ್ತಿದ್ದ.

ಆದರೆ ಅವಳು ಒಂದು ಕಳ್ಳತನ ಮಾಡಿದ್ದಳು. ಗುಂಡಿಗಳ ಡಬ್ಬಿಯ ತಳದಲ್ಲಿ ಮೂವತ್ತು ಬಿಳಿ ಮಾತ್ರೆಗಳಿದ್ದವು. ಅಂಗಿಯ ಗುಂಡಿಗಳ ನಡುವೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ ಮಾವ ಬಟ್ಟೆ ತಲುಪಿಸಲು ಹೋಗಿದ್ದ. ಅಕ್ಕ ಒಬ್ಬಳೇ ಅಸ್ತರು ಕತ್ತರಿಸುತ್ತಿದ್ದಳು. ಹಿಂದಿನ ಕೋಣೆಯಿಂದ ಶಿಳ್ಳೆ ಕೇಳಿಸಿತು.

ಎದೆ ಮುಟ್ಟಿಕೊಂಡಳು. ಕೊಳವೆ ಊದಿದಳು: ಮುನ್ನೂರ ಐವತ್ತು. ಮತ್ತೆ ಊದಿದಳು: ಮುನ್ನೂರ ಅರವತ್ತು. ಕೊಳವೆಯ ಪ್ರಕಾರ ಶಿಳ್ಳೆಯಿಲ್ಲ. ಕಿವಿಯ ಪ್ರಕಾರ ಇದೆ. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು, ಮಂಜುಗಣ್ಣಿನಲ್ಲಿ ಬೆರಳಿಂದ ತಡಕಿದಳು. ನಾಲ್ಕು ಸಿಕ್ಕವು. ಬಾಯಿಯ ತನಕ ಹೋದ ಕೈಯಲ್ಲಿದ್ದುದರಲ್ಲಿ ಒಂದಕ್ಕೆ ನಾಲ್ಕು ತೂತುಗಳಿದ್ದವು.

ಅವಳು ನಗಲಿಲ್ಲ. ಕೈ ಕೆಳಗಿಳಿಸಿ ಕೋಣೆಯ ಬಾಗಿಲಿಗೆ ಹೋದಳು. ಕುರ್ಚಿ ಇತ್ತು, ಅದರ ಮೇಲೆ ಬಟ್ಟೆಯ ಥಾನು. ಶಿಳ್ಳೆ ಅಲ್ಲಿಂದಲೇ ಬರುತ್ತಿತ್ತು, ಸಣ್ಣಗೆ, ತಾಳ್ಮೆಯಿಂದ.

"ಮೊದಲು ಖಾಲಿ ಮಾಡ್ಕೋ ಅಪ್ಪಾ" ಎಂದಳು. "ಪೂರ್ತಿ ಬಿಡು. ಆಮೇಲೆ ಎಳ್ಕೋ."

ಮಾವ ಹಿಂದಿರುಗಿದಾಗ ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು. "ಏನೇ ಇದು, ಮೇಜಿನ ಮೇಲೆ ಗುಂಡಿ ಬಿತ್ತನೆ ಮಾಡಿದೀಯ?"

"ಅದರಲ್ಲಿ ಮಾತ್ರೆ ಇದಾವೆ. ಆರಿಸಿ ಔಷಧಿ ಅಂಗಡಿಗೆ ವಾಪಸ್ ಕೊಟ್ಬಿಡು ಮಾವ. ನಂಗೆ ಸರಿಯಾಗಿ ಕಾಣ್ತಿಲ್ಲ." ಆಮೇಲೆ ನರ್ಸು ಹೇಳಿದ್ದನ್ನೂ, ಅಪ್ಪನ ಹನ್ನೊಂದನ್ನೂ ಹೇಳಿದಳು. ಈವರೆಗೆ ಹೇಳಿರಲಿಲ್ಲ.

ಮಾವ ಮಾತ್ರೆ ಆರಿಸುವುದನ್ನು ನಿಲ್ಲಿಸಿದ. "ಚೆನ್ನಾಗಿ ತುಂಬ್ಕೊಂಡು ಒತ್ತು ಭಾವ ಅಂತ ನಾನೇ ಹೇಳ್ತಿದ್ದೆ ಕಣೇ" ಎಂದ. ಅಂದಿನಿಂದ ಅವನು ಯಾರ ಕಾಯಿಲೆಗೂ ಬುದ್ಧಿ ಹೇಳಿದ್ದಿಲ್ಲ.

ಹತ್ತನೆಯ ತಿಂಗಳಲ್ಲಿ ಕೊನೆಯ ಅರ್ಧ ಮಾತ್ರೆಯೂ ಮುಗಿಯಿತು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಮುಖ ತನ್ನ ಹಳೆಯ ಮೂಳೆಗಳಿಗೆ ಮರಳಿತು. "ಅಯ್ಯೋ ಸೊರಗಿಬಿಟ್ಯಲ್ಲೇ" ಎಂದು ಪಕ್ಕದ ಅಂಗಡಿಯವರು ಮರುಗಿದರು. ಇಷ್ಟು ಕಥೆ ಕೇಳಿಸಿಕೊಂಡ ಮೇಲೆ ಕೋಟಿನ ಗಿರಾಕಿಗೆ ಸುಮ್ಮನಿರಲು ಆಗಬೇಕಲ್ಲ. ಎರಡೂ ತೋಳು ಚಾಚಿ ಅಳತೆ ಕೊಡುತ್ತ, ದನಿಯಲ್ಲಿ ಸಾಕಷ್ಟು ಆರ್ದ್ರತೆ ತುಂಬಿ ಕೇಳಿದ: "ನಿಮ್ಮಪ್ಪ ಇವತ್ತು ನಿಮ್ಮನ್ನ ನೋಡಿದ್ರೆ ಎಷ್ಟು ಸಂತೋಷ ಪಡ್ತಿದ್ರೋ, ಅಲ್ವೇನಮ್ಮ?"

"ಇಲ್ಲ" ಎಂದಳು ಅಕ್ಕ, ಟೇಪಿನ ಅಂಕಿಯಿಂದ ಕಣ್ಣೆತ್ತದೆ. "ಇದನ್ನ ನಂಗ್ಯಾಕೆ ಯಾರೂ ಹೇಳ್ಲಿಲ್ಲ ಅಂತ ಕೇಳ್ತಿದ್ದ."